ಬುತ್ತಿ ಬಿಚ್ಚುವ ವೇಳೆಯ ಬಗ್ಗೆ ಸುತ್ತೋಲೆ

ಶಹಾಬಾದದಿಂದ ವಾಡಿಗೆ ಹೋಗುವ ರಸ್ತೆಯಲ್ಲಿರುವ ಕಾಶೀನಾಥ ಸಾವ್ಕಾರರ ಫರಸಿಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ, ಕೂಲಿಕಾರರೆಲ್ಲ ಉಂಡ ಮೇಲೆಯೇ ಮಾಲೀಕರು ಉಣ್ಣುತ್ತಾರೆಂಬ ಸಂಗತಿಯನ್ನು ಸಂಬಂಧಪಟ್ಟವರೆಲ್ಲರ ಗಮನಕ್ಕೆ ತರಲಾಗಿದೆ. ಇದು ಅಕ್ಷರಶಃ ನಿಜ. ಇದಕ್ಕೆ ಕಾರಣನಾದ ಪುಣ್ಯಾತ್ಮ ಭಂಕೂರಿನ ಅಂಬಾರಾಯ.

ಹದಿನೇಳು ವರ್ಷ ಫೌಜಿನಲ್ಲಿದ್ದು ಹವಾಲ್ದಾರನಾಗಿ ನಿವೃತ್ತನಾದ ಅಂಬಾರಾಯ ಈಗ ಕಾರ್ಖಾನೆಯ ಗೇಟು ಕಾಯುತ್ತಾನೆ. ಒಳಗೆ ಕಲ್ಲು ಉಜ್ಜುವ ಇಪ್ಪತ್ತೆರಡು ಜನರಿಗೆ ಬುತ್ತಿ ಬಿಚ್ಚಲು ಗೊತ್ತಾದ ವೇಳೆಯಿರಲಿಲ್ಲ. ಮಷಿನ್ ನಿಂತಾಗ ಉಣ್ಣಬೇಕು, ಮಷಿನ್ ನಿಲ್ಲುತ್ತಿರಲಿಲ್ಲ. ಅವರಲ್ಲೊಬ್ಬಳಾದ ಹಣಮವ್ವ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ನೀರಿನ ಪೈಪು ಹಿಡಿದು ನಿಂತೇ ಉಣ್ಣುವುದನ್ನು ಅವನು ದಿನಾ ಗೇಟಿನಿಂದ ನೋಡುತ್ತಿದ್ದ.

"ಅಣ್ಣಾ, ಸಾವ್ಕಾರ್ರಿಗಿ ಹೇಳಿ ಅರ್ಧಾ ತಾಸು ಕೊಡಸು. ಕುಂತು ಉಂಡ್ರ ಸಾಕು ನಮಗ," ಎಂದು ಅವಳು ಬೆನ್ನು ಹತ್ತಿದ್ದಳು.

"ಕೊಡಸ್ತೀನಿ ತಂಗಿ," ಎಂದು ಅವನೂ ಮಾತು ಕೊಟ್ಟುಬಿಟ್ಟಿದ್ದ. ಫೌಜಿನವನ ಮಾತು, ಸುಮ್ಮನೆ ಆಯಿತೇ!

ಅದೇ ವಾರ ಸಾವ್ಕಾರರು ಕಲಬುರಗಿಯ ಹೋಟೆಲೊಂದರಲ್ಲಿ 'ಸೇನೆಯಿಂದ ಉದ್ಯಮಕ್ಕೆ ನಾಯಕತ್ವದ ಪಾಠಗಳು' ಎಂಬ ಒಂದು ದಿನದ ಶಿಬಿರಕ್ಕೆ ಹೋಗಿಬಂದರು. ಬಂದವರೇ ಬೂಟು ಕೊಂಡರು. ತಾವು ಕಮಾಂಡರ್ ಎಂದೂ, ಗುಮಾಸ್ತ ಮಜೀದಸಾಬ ಇನ್ನು ಮೇಲೆ ಗುಪ್ತಚರ ವಿಭಾಗವೆಂದೂ ಆದೇಶ ಹೊರಡಿಸಿದರು. "ಆಗ್ಲಿರಿ ಸಾವ್ಕಾರ್ರ," ಎಂದು ಮಜೀದಸಾಬ ಎಲೆಯಡಿಕೆ ಬಾಯಿಗಿಟ್ಟುಕೊಂಡ.

ಆಮೇಲೆ ಅಂಬಾರಾಯನಿಗೆ ಕರೆ ಬಂತು.

"ಏನಪಾ ಹವಾಲ್ದಾರ, ನಿಮ್ಮ ಫೌಜಿನ್ಯಾಗ ಲೀಡರ್ ಅಂದ್ರ ಏನು? ಒಂದೇ ಮಾತಿನ್ಯಾಗ ಹೇಳು."

ಅಂಬಾರಾಯ ಎದೆ ಸೆಟೆಸಿದ. "ಜವಾನರೆಲ್ಲಾ ಉಂಡ ಮ್ಯಾಲ ಉಣ್ಣಾಂವೇ ಸಾಹೇಬ್ರಿ. ಎಷ್ಟ್ ಹಸಿವಾದ್ರೂ ಅಷ್ಟೇ."

ಸಾವ್ಕಾರರ ಕಣ್ಣು ಒದ್ದೆಯಾದವು. "ಭಾಳ ಛಲೋ ಅದ! ನಾಳಿಂದ್ಲೇ ಜಾರಿ."

ಮೊದಲ ಸುತ್ತೋಲೆ ಹೀಗಿತ್ತು: ಕಮಾಂಡರರು ಹನ್ನೆರಡಕ್ಕೆ ಉಣ್ಣುವುದರಿಂದ ಸಿಬ್ಬಂದಿಯು ಹನ್ನೊಂದೂವರೆಗೆ ಬೇವಿನ ಮರದಡಿ ಕುಳಿತು ಉಣ್ಣತಕ್ಕದ್ದು. ಹಣಮವ್ವ ಅಂದು ಅಂಬಾರಾಯನಿಗೆ ಶೇಂಗಾ ಹೋಳಿಗೆ ಕೊಟ್ಟಳು. ಅವನಿಗೆ ಪದಕ ಬಂದಷ್ಟು ಖುಷಿಯಾಯಿತು.

ಮೂರು ದಿನ ಎಲ್ಲ ಸುಸೂತ್ರ. ನಾಲ್ಕನೆಯ ದಿನ ಬೇವಿನ ಮರಕ್ಕೆ ತೂಗುಹಾಕಿದ್ದ ಬುತ್ತಿಗಳಿಂದ ಪುಂಡಿಪಲ್ಯದ ವಾಸನೆ ಬಂದು ಕಮಾಂಡರರಿಗೆ ಹನ್ನೊಂದಕ್ಕೇ ಹಸಿವಾಯಿತು. ತಾವು ಮೊದಲು ಉಣ್ಣುವಂತಿಲ್ಲ; ಆದ್ದರಿಂದ ಸಿಬ್ಬಂದಿಯ ಊಟ ಹತ್ತೂವರೆಗೆ. ಮುಂದಿನ ವಾರ, ಸಕ್ಕರೆ ಕಾಯಿಲೆಯಿರುವ ಕಮಾಂಡರರು ಒಂಬತ್ತಕ್ಕೆ ಏನಾದರೂ ತಿನ್ನಬೇಕೆಂದು ಡಾಕ್ಟರು ಹೇಳಿದರು. ಸಿಬ್ಬಂದಿಯ ಊಟ ಎಂಟೂವರೆಗೆ. ಕೆಲಸ ಶುರುವಾಗುವುದೇ ಎಂಟಕ್ಕೆ.

ಅಷ್ಟರಲ್ಲಿ ಗುಪ್ತಚರ ವಿಭಾಗವು ವರದಿ ಸಲ್ಲಿಸಿತು. "ನೀವು ಮನ್ಯಾಗ ಏಳಕ್ಕೇ ಚುರಮುರಿ ಸುಸಲಾ ತಿನ್ಲಿಕತ್ತೀರಿ, ಸಾವ್ಕಾರ್ರ. ಇದು ಜವಾನರಕಿಂತ ಮೊದ್ಲು ಆಗ್ತದ."

ಸಾವ್ಕಾರರು ತಪ್ಪೊಪ್ಪಿಕೊಂಡರು, ದೊಡ್ಡ ಮನುಷ್ಯರು. ಕೂಡಲೇ ಅಂತಿಮ ಸುತ್ತೋಲೆ ಹೊರಟಿತು:

'ಸಿಬ್ಬಂದಿಯು ಬೆಳಗಿನ ಆರರೊಳಗೆ ತಮ್ಮ ತಮ್ಮ ಮನೆಗಳಲ್ಲಿಯೇ ಉಂಡು ಬರತಕ್ಕದ್ದು. ಕಡೆಗೆ ಉಣ್ಣುವವನೇ ನಾಯಕನಾದ್ದರಿಂದ, ತದನಂತರ ಉಂಡವರನ್ನು ನಾಯಕತ್ವ ಕಸಿಯಲು ಯತ್ನಿಸಿದವರೆಂದು ಪರಿಗಣಿಸಲಾಗುವುದು. ಬುತ್ತಿಗಳನ್ನು ಗೇಟಿನಲ್ಲಿ ಹವಾಲ್ದಾರರು ಜಪ್ತಿ ಮಾಡತಕ್ಕದ್ದು.'

ಮರುದಿನ ಅಂಬಾರಾಯ ಹಣಮವ್ವನ ಎದುರು ಕೈಚಾಚಿ ನಿಂತ. ಅವನಿಗೆ ನೆಲ ಬಿರಿಯಬಾರದೇ ಅನ್ನಿಸಿತ್ತು.

"ತಗೋ ಅಣ್ಣಾ," ಎಂದು ಅವಳು ಬುತ್ತಿ ಅವನ ಕೈಗಿಟ್ಟಳು. "ನಿಂತು ಉಣ್ಣಾದು ಬಿಡಸ್ತೀನಿ ಅಂದಿದ್ದಿ. ಬಿಡಸಿದಿ."

ತಿಂಗಳೊಳಗೆ ಶಿಬಿರದವರು ಕ್ಯಾಮೆರಾ ಸಮೇತ ಬಂದರು. "ನಿಮ್ಮ ಮಾಲೀಕರು ಎಂದಾದರೂ ನಿಮಗಿಂತ ಮೊದಲು ಉಂಡಿದ್ದಾರೆಯೇ?" ಎಂದು ಹಣಮವ್ವನನ್ನು ಕೇಳಿದರು.

"ಸುಳ್ಳ್ ಯಾಕ ಹೇಳ್ಲಿರಿ, ಈಗ ಒಂದ್ ದಿನಾನೂ ಇಲ್ಲ. ನಾವು ಉಂಡು ಆರು ತಾಸು ಆದ್ರೂ ಅವರು ಉಣ್ಣಾಕತ್ತೇ ಇರ್ತಾರ."

ಎಲ್ಲರೂ ಚಪ್ಪಾಳೆ ತಟ್ಟಿದರು. 'ಕಡೆಗೆ ಉಣ್ಣುವ ನಾಯಕ' ಎಂದು ಕೆತ್ತಿದ ಫರಸಿಯೊಂದನ್ನು ಗೇಟಿಗೆ ಕೂಡಿಸಲಾಯಿತು. ಅದಕ್ಕೆ ಪಾಲಿಶ್ ಹಚ್ಚಿದವಳೂ ಹಣಮವ್ವನೇ.

ಅವಳು ಇಂದಿಗೂ ರೂಢಿಯಂತೆ ಬುತ್ತಿ ಕಟ್ಟಿಕೊಂಡು ಬರುತ್ತಾಳೆ. ಅಂಬಾರಾಯ ಅದನ್ನು ಜಪ್ತಿ ಮಾಡಿ, ಮೊದಲೇ ಜಪ್ತಿ ಮಾಡಿಟ್ಟ ತನ್ನ ಬುತ್ತಿಯ ಪಕ್ಕದ ಮೊಳೆಗೆ ತೂಗುಹಾಕುತ್ತಾನೆ. ಸಂಜೆ ಇಬ್ಬರೂ ಸಹಿ ಮಾಡಿ ತಮ್ಮ ತಮ್ಮ ಬುತ್ತಿ ಒಯ್ಯುತ್ತಾರೆ.