ನಿಂತಾಗ ನಾಲ್ಕು ಸಾವಿರ

ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ಕಳೆದ ಮೇಲೆ ನನಗೆ ಖಾತ್ರಿಯಾಗಿರುವುದು ಇಷ್ಟು: ಕೆಟ್ಟ ಗಾಡಿ ಬಂದರೆ ಸಂಜೆಯೊಳಗೆ ಸರಿಯಾಗುತ್ತದೆ, ಏನೂ ಕೆಡದ ಗಾಡಿ ಬಂದರೆ ವಾರಗಟ್ಟಲೆ ಜಗಳ ನಡೆಯುತ್ತದೆ. ರಾಯಚೂರಿನಲ್ಲಿ ಇಂಥದ್ದು ನನ್ನ ಪಾಲಿಗೆ ಆಗಾಗ ಬರುತ್ತಲೇ ಇರುತ್ತದೆ. ಈ ಸಲದ್ದು ಮಾತ್ರ ಒಂದು ಮದುವೆಯನ್ನೇ ಮುರಿಯುವ ಹಂತಕ್ಕೆ ಹೋಗಿತ್ತು. ನಾನು ಕೆಲಸದ ವೇಳೆಯಲ್ಲಿ ನಗುವವನಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

೧. ಅರ್ಧ ಎಂಜಿನ್

ಮಂಗಳವಾರ ಬೆಳಿಗ್ಗೆ ಒಂದು ಕೆಂಪು ಸ್ಪೋರ್ಟ್ಸ್ ಕಾರು ನಮ್ಮ ಗೇಟಿನ ಉಬ್ಬಿಗೆ ಹೊಟ್ಟೆ ಉಜ್ಜಿಕೊಂಡು ಒಳಗೆ ಬಂತು. ಮಾನ್ವಿಯ ರೈಸ್ ಮಿಲ್ ಮಾಲೀಕರು ಅದರಿಂದ ಹೊರಬರಲು ಐದು ನಿಮಿಷ ಬೇಕಾಯಿತು. ಕಾರು ಅಷ್ಟು ತಗ್ಗು, ಮಾಲೀಕರು ಅಷ್ಟು ಎತ್ತರ. ಸ್ಟಿಯರಿಂಗ್ ಹಿಡಿದಿದ್ದ ಮಗ ಒಳಗೇ ಕುಳಿತಿದ್ದ.

“ಸಾಹೇಬ್ರ, ಇದನ್ನ ದೇವದುರ್ಗದ ಬೀಗರ ಕಡಿಂದ ತಗೊಂಡೀವಿ. ಅಂದ್ರ, ಬೀಗರು ಆಗೋರು. ಐತವಾರ ನಮ್ಮ ಹುಡುಗಂದು ಅವರ ಹುಡುಗಿದು ನಿಶ್ಚಯ ಅದ. ಅದಕ್ಕಿಂತ ಮೊದಲ ಈ ಗಾಡ್ಯಾಗ ಏನ್ ನುಕ್ಸಾನ್ ಅದ ಅಂತ ಬರದು ಸಹಿ ಮಾಡಿಕೊಡ್ರಿ.”

“ಏನು ತೊಂದರೆ?”

ಅವರು ಮಗನಿಗೆ ಸನ್ನೆ ಮಾಡಿದರು. ಮಗ ನಿಂತಲ್ಲೇ ರೇಸ್ ಕೊಟ್ಟ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವ ಮೀಟರಿನ ಮುಳ್ಳು ಸರ್ರನೆ ಏರಿ ನಾಲ್ಕು ಸಾವಿರಕ್ಕೆ ಬಂದು ನಿಂತಿತು. ಎಷ್ಟು ತುಳಿದರೂ ಅಲ್ಲೇ ಭುರ್‌ಭುರ್ ಎಂದು ನಡುಗಿತು. ಮೀಟರಿನಲ್ಲಿ ಅಂಕಿಗಳಿದ್ದದ್ದು ಎಂಟು ಸಾವಿರದವರೆಗೆ. ಏಳರಿಂದ ಕೆಂಪು ಗೆರೆ.

“ನೋಡಿದ್ರಿಲ್ಲ? ಎಂಟರ ಮೀಟರಿಗೆ ನಾಲ್ಕರ ಎಂಜಿನ್. ಅರ್ಧಾ ಎಂಜಿನ್ ಕೊಟ್ಟು ಕಳಿಸ್ಯಾರ. ಗಾಡೀನ ಹಿಂಗ ಕೊಟ್ಟಾರ ಅಂದ್ರ, ನಾಳಿ ಹುಡುಗೀನ್ನ ಹೆಂಗ ಕೊಟ್ಟಾರು? ದೋಷ ಅದ ಅಂತ ನೀವು ಬರದ್ರ ಐತವಾರದ ನಿಶ್ಚಯ ಇಲ್ಲ. ಬಾತ್ ಖತಂ.”

ನಾನು ವಿವರಿಸಿದೆ. ಗೇರಿಗೆ ಬೀಳದೆ ನಿಂತ ಎಂಜಿನ್ನಿಗೆ ಎಳೆಯಲು ಭಾರವಿಲ್ಲ, ತುಳಿದ ಕ್ಷಣಕ್ಕೆ ಹುಚ್ಚೆದ್ದು ಏರುತ್ತದೆ. ತಂಪು ಮಾಡಲು ಎದುರುಗಾಳಿಯೂ ಇಲ್ಲ. ಅದಕ್ಕೇ ತಯಾರಿಸಿದವರು ನಿಂತಾಗ ನಾಲ್ಕು ಸಾವಿರಕ್ಕೆ ಒಂದು ಬೇಲಿ ಹಾಕಿದ್ದಾರೆ. ಓಡುವಾಗ ಆ ಬೇಲಿ ತಾನಾಗಿ ತೆರೆಯುತ್ತದೆ. ಇದು ದೋಷವಲ್ಲ, ಶಿಸ್ತು.

“ಏನ್ ಮಾತಂತ ಆಡ್ತೀರಿ! ನಮ್ಮ ಟ್ರ್ಯಾಕ್ಟರ್‌ಗೆ ನಿಂತಲ್ಲೇ ರೇಸ್ ಕೊಟ್ರ ದಿನಾ ಪೂರ್ತಿ ರಾಶಿ ಮಾಡ್ತದ. ಮಿಲ್ಲಿನ ಜನರೇಟರ್ ಹುಟ್ಟಿದಾಗಿಂದ ನಿಂತೇ ಅದ. ನಿಂತಾಗ ಒದರಲಾರದ್ದು ಎಂಥಾ ಎಂಜಿನ್ರೀ?”

ಕಾಳು ಒಕ್ಕಿ ರಾಶಿ ಮಾಡುವುದಿರಲಿ, ಕರೆಂಟು ಕೊಡುವುದಿರಲಿ, ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ಕಡೆ ಎಂಜಿನ್ ದುಡಿಯುವುದೇ ನಿಂತುಕೊಂಡು.

“ಇದು ರಾಶಿ ಮಾಡುವ ಗಾಡಿಯಲ್ಲರೀ,” ಎಂದೆ.

ಅವರು ಮಗನ ಕಡೆ ತಿರುಗಿದರು. “ಕೇಳಿದೇನಲೇ? ರಾಶೀನೂ ಮಾಡಂಗಿಲ್ಲಂತ!”

೨. ನೀವು ಯಾರ ಕಡಿಯವರು?

ಮಧ್ಯಾಹ್ನಕ್ಕೆ ದೇವದುರ್ಗದಿಂದ ಫೋನ್ ಬಂತು. ಹುಡುಗಿಯ ತಂದೆ, ಗುತ್ತಿಗೆದಾರರು. ದನಿ ಬಿಗಿಯಾಗಿತ್ತು.

“ಏನೂ ನುಕ್ಸಾನ್ ಇಲ್ಲ ಅಂತ ಈಗಿಂದೀಗ ಬರೀರಿ ಸಾಹೇಬ್ರ. ನಮ್ಮ ಮಗಳು ಎರಡು ವರ್ಷ ಓಡಿಸಿದ ಗಾಡಿ ಅದು. ಊರ ಮಂದಿ ‘ಬೀಗರಿಗೆ ಟೋಪಿ ಹಾಕ್ಯಾರ’ ಅಂತ ಮಾತಾಡಾಕತ್ತಾರ. ಮಗಳ ಮುಖಾ ನೋಡಾಕ ಆಗವಲ್ದು ನನಗ.”

“ಓಡುವಾಗ ಮುಳ್ಳು ಏಳು ಸಾವಿರ ಮುಟ್ಟುವುದನ್ನು ಕಣ್ಣಾರೆ ನೋಡಿ ಬರೆಯುತ್ತೇನೆ. ಅದಕ್ಕೂ ಮೊದಲು ಒಂದಕ್ಷರ ಬರೆಯುವುದಿಲ್ಲ.”

“ಅವರೂ ಬೈತಾರ, ನಾವೂ ಬೈತೀವಿ. ಖರೇ ಹೇಳ್ರಿ, ನೀವು ಯಾರ ಕಡಿಯವರು?”

“ಮೀಟರಿನ ಕಡೆಯವನು.”

ಫೋನ್ ಕಟ್ಟಾಯಿತು. ಮರುದಿನ ಅವರು ಕಳಿಸಿದ ಮೆಕ್ಯಾನಿಕ್ ಒಬ್ಬ ಬಗಲಲ್ಲಿ ಲ್ಯಾಪ್‌ಟಾಪ್ ಹಿಡಿದು ಬಂದ. ಕಾರನ್ನು ಒಂದು ಸುತ್ತು ಹಾಕಿ, ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ.

“ಸಾಹೇಬ್ರ, ಕೀಲಿ ಕೊಡ್ರಿ. ಒಳಗಿನ ಲಾಕ್ ತಗದುಬಿಡ್ತೀನಿ. ನಿಂತಲ್ಲೇ ಎಂಟು ಸಾವಿರ ಒದರತದ. ಮಾನ್ವಿಯವರೂ ಖುಷ್, ನಮ್ಮವರೂ ಖುಷ್.”

“ಆಮೇಲೆ?”

“ಆಮ್ಯಾಲ ಎಂಜಿನ್ ಹೋಗಬಹುದ್ರೀ. ಆದ್ರ ಅಷ್ಟೊತ್ತಿಗೆ ಲಗ್ನದ ಅಕ್ಕಿಕಾಳು ಬಿದ್ದಿರತಾವ.”

ಕೀಲಿಯನ್ನು ಜೇಬಿನಲ್ಲಿ ಹಾಕಿಕೊಂಡು ಗುಂಡಿ ಹಾಕಿದೆ.

೩. ಕಣ್ಣಾರೆ

ಗುರುವಾರ ನಾನೇ ಓಡಿಸಿ ತೋರಿಸುವುದೆಂದು ಹಟ ಹಿಡಿದೆ. ಪಕ್ಕದಲ್ಲಿ ಮಿಲ್ ಮಾಲೀಕರು. ಮಾನ್ವಿ ರಸ್ತೆ. ವೇಗದ ಮಿತಿ ದಾಟುವ ಪ್ರಶ್ನೆಯೇ ಇಲ್ಲ. ಮೊದಲನೇ ಗೇರಿನಲ್ಲೇ ಹಿಡಿದರೆ ಗಂಟೆಗೆ ಅರವತ್ತರ ಸುತ್ತ ಹೋಗುವಷ್ಟರಲ್ಲಿ ಮುಳ್ಳು ಏಳು ಸಾವಿರ ತಲುಪುತ್ತದೆ. ಇನ್ನೂರು ಗಜ ಖಾಲಿ ರಸ್ತೆ ಸಿಕ್ಕರೆ ಸಾಕು.

ಆ ಇನ್ನೂರು ಗಜ ಸಿಗುವುದೇ ಕಷ್ಟವಾಯಿತು. ಮೊದಲ ಸಲ ಮುಳ್ಳು ಮೂರಕ್ಕೆ ಬರುವಷ್ಟರಲ್ಲಿ ಹೇಳದೆ ಕೇಳದೆ ಒಂದು ಉಬ್ಬು. ಎರಡನೇ ಸಲ ನೀರಮಾನ್ವಿಯ ಹತ್ತಿರ ನಾಲ್ಕೂವರೆ ದಾಟಿತ್ತು, “ನೋಡಿ, ಬೇಲಿ ದಾಟಿತು!” ಎನ್ನುವಷ್ಟರಲ್ಲಿ ಎದುರಿಗೆ ಕುರಿ ಹಿಂಡು. ಬ್ರೇಕ್ ಹಾಕಿ ನಿಂತೆ. ಕುರಿಗಳು ಕಾರನ್ನು ಎರಡೂ ಕಡೆಯಿಂದ ಸವರಿಕೊಂಡು ಹೋದವು. ಕುರಿ ಕಾಯುವವನು ಬಗ್ಗಿ ಕಿಟಕಿಯಲ್ಲಿ ಇಣುಕಿ, ನೆಲಕ್ಕೆ ಅಂಟಿದಂತೆ ಕುಳಿತ ನಮ್ಮಿಬ್ಬರನ್ನು ನೋಡಿ ಮರುಗಿದ. “ಯಪ್ಪಾ, ನಾಲ್ಕೂ ಗಾಲಿ ಪಂಕ್ಚರ್ ಆಗ್ಯಾವೇನ್ರಿ?”

ಮೂರನೇ ಸಲ ರಸ್ತೆ ಖಾಲಿ. ಬೆನ್ನು ಸೀಟಿಗೆ ಅಂಟಿತು. ನಾಲ್ಕು, ಐದು, ಆರು, ಏಳು! ಮುಳ್ಳು ಕೆಂಪು ಗೆರೆ ಮುಟ್ಟಿದ ಕೂಡಲೇ ಕಾಲು ತೆಗೆದು, ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದೆ.

“ನೋಡಿದಿರಾ?” ಎಂದೆ.

ಮಾಲೀಕರು ಎರಡೂ ಕೈಯಲ್ಲಿ ಬಾಗಿಲು ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ ಕುಳಿತಿದ್ದರು.

“ನೋಡಿದೆ,” ಎಂದರು ಮೆಲ್ಲಗೆ.

“ಎಷ್ಟು ಇತ್ತು?”

“ಮೀಟರ್ ಅಲ್ಲರೀ. ನಮ್ಮಪ್ಪನ್ನ ನೋಡಿದೆ. ತೀರಿಕೊಂಡು ಹನ್ನೆರಡು ವರ್ಷ ಆತು.”

ಇನ್ನೊಮ್ಮೆ ಕೂರಲು ಅವರು ಸುತಾರಾಂ ಒಪ್ಪಲಿಲ್ಲ. ಮಗನನ್ನು ಕೂರಿಸಿ ತೋರಿಸಿದೆ. “ಅವ ಈಗಾಗಲೇ ಹುಡುಗಿ ಕಡಿಯಾಂವ ಆಗ್ಯಾನ, ಅವನ ಸಾಕ್ಷಿ ನಡಿಯಂಗಿಲ್ಲ” ಎಂದರು. ಫೋನಿನಲ್ಲಿ ವಿಡಿಯೊ ತೆಗೆಸಿ ತೋರಿಸಿದೆ. “ಈಗಿನ ಕಾಲದಾಗ ಫೋನಿನ್ಯಾಗ ಎಮ್ಮಿನೂ ಹಾರತಾವ ಸಾಹೇಬ್ರ” ಎಂದರು.

೪. ಐತವಾರ

ಭಾನುವಾರ ಮಾನ್ವಿಯಲ್ಲಿ, ಮಿಲ್ಲಿನ ಅಂಗಳದಲ್ಲಿ ಶಾಮಿಯಾನ. ಒಂದು ಕಡೆ ದೇವದುರ್ಗದವರು, ಒಂದು ಕಡೆ ಮಾನ್ವಿಯವರು, ನಡುವೆ ಕೆಂಪು ಕಾರು. ಎಲೆಅಡಿಕೆ ತಟ್ಟೆಗಳನ್ನು ಒಳಗೇ ಇಟ್ಟಿದ್ದರು. ಕಾರಿನ ವಿಷಯ ಇತ್ಯರ್ಥವಾಗದೆ ತಟ್ಟೆ ಹೊರಗೆ ಬರುವಂತಿಲ್ಲ ಎಂದು ಮಾಲೀಕರ ಆಜ್ಞೆ. ಹೊರಸಿನ ಮೇಲೆ ಮಾಲೀಕರ ತಾಯಿ, ಎಂಬತ್ತು ದಾಟಿದ ಅಜ್ಜಿ, ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತ ಕುಳಿತಿದ್ದಳು. ಆ ಕಟಕಟ ಬಿಟ್ಟರೆ ಬೇರೆ ಸದ್ದಿಲ್ಲ.

“ಗಾಡಿಯಲ್ಲಿ ದೋಷವಿಲ್ಲ,” ಎಂದು ನಾನು ಎದ್ದು ನಿಂತು ಹೇಳಿದೆ.

“ಹಂಗಾರ ಎಲ್ಲಾರ ಮುಂದ ರೇಸ್ ಕೊಡ್ರಿ!” ಎಂದು ಮಾಲೀಕರು ಗುಡುಗಿದರು.

ಕೊಟ್ಟೆ. ಮುಳ್ಳು ನಾಲ್ಕಕ್ಕೆ ಬಂದು ನಿಂತಿತು. ಭುರ್‌ಭುರ್. ಮಾನ್ವಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಹುಡುಗಿಯ ತಂದೆ ಹೆಗಲ ಮೇಲಿನ ಟವೆಲ್ ಕೊಡವಿ ಎದ್ದರು. “ನಡೀರಿ, ಹೋಗೂಣು. ಇಲ್ಲಿ ಮರ್ಯಾದಿ ಉಳಿಯಂಗಿಲ್ಲ.” ಅವರ ಕಡೆಯವರೆಲ್ಲ ಎದ್ದು ಚಪ್ಪಲಿ ಹುಡುಕತೊಡಗಿದರು.

ಆಗ ಹುಡುಗಿ ಒಳಗಿನಿಂದ ಬಂದಳು, ಅವಳ ಹಿಂದೆ ಮಾಲೀಕರ ಹೆಂಡತಿ. ಹುಡುಗಿಗೆ ರೇಷ್ಮೆ ಸೀರೆ, ಕೈತುಂಬ ಹಸಿರು ಬಳೆ.

“ಅಪ್ಪಾ, ಸ್ವಲ್ಪ ತಡಿ. ಸಾಹೇಬ್ರ, ಕೀಲಿ ಕೊಡ್ರಿ. ಅತ್ತಿ, ನೀವು ನನ್ನ ಜೋಡಿ ಬರ್ರಿ. ಮೀಟರ್ ನೀವ ನೋಡ್ರಿ.”

“ಲೈಸೆನ್ಸ್ ತೋರಿಸಮ್ಮ,” ಎಂದೆ.

ಅಂಗಳದಲ್ಲಿ ಅಡಿಕೆಯ ಸದ್ದೂ ನಿಂತಿತು. ನಿಶ್ಚಯದ ದಿನ ಹುಡುಗಿಯ ಹತ್ತಿರ ಲೈಸೆನ್ಸ್ ಕೇಳಿದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಅವಳು ಪರ್ಸಿನಿಂದ ತೆಗೆದು ತೋರಿಸಿದಳು. ದಿನಾಂಕ ನೋಡಿ, ಇಬ್ಬರೂ ಬೆಲ್ಟ್ ಹಾಕಿಕೊಂಡ ಮೇಲೆ ಕೀಲಿ ಕೊಟ್ಟೆ.

ಮಿಲ್ಲಿನ ಹಿಂದೆ ಭತ್ತ ಒಣಗಿಸುವ ಉದ್ದನೆಯ ಕಾಂಕ್ರೀಟ್ ನೆಲ ಆ ದಿನ ಖಾಲಿ ಇತ್ತು. ಕಾರು ಆ ಕಡೆ ಮರೆಯಾಯಿತು. ಮೊದಲು ಗುರ್ ಎಂಬ ಸದ್ದು, ಆಮೇಲೆ ಗೋಡೆಗಳು ನಡುಗುವ ಹಾಗೆ ಒಂದು ಗರ್ಜನೆ. ಮಿಲ್ಲಿನ ಸೂರಿನ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಆಮೇಲೆ ನಿಶ್ಶಬ್ದ. ಚಪ್ಪಲಿ ಹುಡುಕುತ್ತಿದ್ದವರೂ ಆ ಕಡೆ ಕತ್ತು ಚಾಚಿದರು.

ಕಾರು ಮೆಲ್ಲಗೆ ತಿರುಗಿ ಬಂದು ನಿಂತಿತು. ಮಾಲೀಕರ ಹೆಂಡತಿ ಹೊರಬರಲು ಇಬ್ಬರು ಕೈ ಕೊಡಬೇಕಾಯಿತು. ಸೆರಗು ಸರಿಮಾಡಿಕೊಂಡು, ನೇರವಾಗಿ ಗಂಡನ ಮುಂದೆ ಬಂದು ನಿಂತರು.

“ಏಳು ಮುಟ್ಟಿತು. ಕೆಂಪು ಗೆರಿ ಮ್ಯಾಲ ಮುಳ್ಳು ಕುಂತಿದ್ದು ನಾನೇ ನೋಡೀನಿ. ನಾ ಏನ್ ಕಣ್ಣು ಮುಚ್ಚಲಿಲ್ಲ.”

“ಆದ್ರ, ನಿಂತಾಗ…” ಎಂದರು ಮಾಲೀಕರು.

“ನಿಂತಾಗ ಸುಮ್ಮ ಇರತದ, ಓಡೂಮುಂದ ಒದರತದ. ಛಲೋ ಗುಣ ಅಲ್ಲೇನು? ನೀವು ಮನ್ಯಾಗ ಕುಂತಲ್ಲೇ ಎಂಟು ಸಾವಿರ ಒದರತೀರಿ, ಗಾಡಿ ಓಡಿದ್ರ ನಿಮ್ಮಪ್ಪನ್ನ ನೋಡತೀರಿ!” ಅವರು ನನ್ನ ಕಡೆ ತಿರುಗಿದರು. “ಸಾಹೇಬ್ರ, ಆ ಬೇಲಿ ಇವರಿಗೂ ಒಂದು ಹಾಕಾಕ ಬರತದೇನು?”

ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುವುದು ನನ್ನ ಅಭ್ಯಾಸ. “ಇಲ್ಲಮ್ಮ. ಅದನ್ನು ತಯಾರಿಸುವಾಗಲೇ ಹಾಕಿರಬೇಕು. ಆಮೇಲೆ ಕೂಡಿಸಲು ಬರುವುದಿಲ್ಲ.”

ಎಲ್ಲರ ಕಣ್ಣು ಹೊರಸಿನ ಕಡೆ ಹೊರಳಿದವು. ಅಜ್ಜಿ ಅಡಕೊತ್ತು ಕೆಳಗಿಟ್ಟು ಸೊಸೆಯನ್ನು ನೋಡಿದಳು.

“ನಾ ಹಾಕೇ ಹಡದಿದ್ದೆ ಬೇ. ಲಗ್ನ ಆದ ಮ್ಯಾಲ ಅದನ್ನ ಯಾರು ತಗದಾರ, ಅವರನ್ನ ಕೇಳ್ರಿ.”

ಮಾಲೀಕರು ಒಮ್ಮೆ ತಾಯಿಯನ್ನು, ಒಮ್ಮೆ ಹೆಂಡತಿಯನ್ನು ನೋಡಿದರು. ಆಮೇಲೆ, ನಾಲ್ಕು ಸಾವಿರಕ್ಕಿಂತ ಬಹಳ ಕೆಳಗಿನ ದನಿಯಲ್ಲಿ, “ಎಲಿಅಡಿಕಿ ತಟ್ಟಿ ತರ್ರಿ,” ಎಂದರು.

ನಾನು ಕೆಲಸದ ವೇಳೆಯಲ್ಲಿ ನಗುವವನಲ್ಲ. ಆದರೆ ಅಂದು ಭಾನುವಾರ, ರಜೆ.