ಎರಡೂವರೆ ಮಿಲಿಮೀಟರ್ ಮಾತು

ನನ್ನ ಯಜಮಾನರು ಆಟದ ಸಾಮಾನಿನ ಅಂಗಡಿಯಲ್ಲಿ ಸೇಲ್ಸ್‌ಮನ್. ದಿನವಿಡೀ ಚೆಂಡಿನ ಜೊತೆ ಮಾತನ್ನೂ ಅಲ್ಲೇ ಮಾರಿ ಮುಗಿಸಿ ಮನೆಗೆ ಬರುತ್ತಾರೆ. ಮಗಳು ಹಾಸ್ಟೆಲಿಗೆ ಹೋದ ಮೇಲೆ ಈ ಮನೆಯಲ್ಲಿ ಬಾಯಿ ಬಿಡುವುದು ಕುಕ್ಕರ್ ಒಂದೇ. (ಅದೂ ದಿನಕ್ಕೆ ಮೂರೇ ಸಲ.) "ಊಟಕ್ಕೆ ಬನ್ನಿ" ಅಂದರೆ "ಹೂಂ". "ಉಪ್ಪು ಸರಿಯಿದೆಯಾ?" "ಹೂಂ." ಮೊನ್ನೆ ಬೇಜಾರಾಗಿ "ನಾನು ಸತ್ತರೆ ಏನ್ಮಾಡ್ತೀರಿ?" ಅಂದೆ. ಅದಕ್ಕೂ "ಹೂಂ".

ಆಗ ಹೊಳೆಯಿತು ಆ ಮಹೋನ್ನತ ಉಪಾಯ. ಬಾಳು ಹಸನಾಗಬೇಕಾದರೆ ಬಾಲನ್ನೇ ಹಿಡಿಯಬೇಕು! ಅಂಗಡಿಯ ಕ್ಯಾಟಲಾಗು ಎಗರಿಸಿ, ಮೂರು ಮಧ್ಯಾಹ್ನ ಕೂತು ಚೆಂಡುಗಳ ಅಳತೆಯನ್ನೆಲ್ಲ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಆದರೆ ಸರಿಯಾಗಿ ಹೇಳಿದರೆ ಮತ್ತೆ "ಹೂಂ" ತಾನೆ? ಅದಕ್ಕೇ ಬೇಕೆಂದೇ ತಪ್ಪು ಹೇಳುವುದೆಂದು ತೀರ್ಮಾನಿಸಿದೆ.

ಸಂಜೆ ಚಹಾ ಕೊಡುತ್ತ ಶುರು ಮಾಡಿದೆ.

"ರೀ, ಗಾಲ್ಫ್ ಚೆಂಡಿಗಿಂತ ಟೇಬಲ್ ಟೆನಿಸ್ ಚೆಂಡೇ ದೊಡ್ಡದು, ಅಲ್ವಾ?"

ಪೇಪರು ಕೆಳಗಿಳಿಯಿತು. ಎಷ್ಟೋ ದಿನದ ಮೇಲೆ ಅವರ ಪೂರ್ತಿ ಮುಖ ಕಂಡೆ.

"ಯಾರೇ ಹೇಳಿದ್ದು ನಿಂಗೆ? ಗಾಲ್ಫಿಂದೇ ದೊಡ್ಡದು. ಎರಡೂವರೆ ಮಿಲಿಮೀಟರ್ ಜಾಸ್ತಿ!"

"ಸುಮ್ನಿರಿ, ನಂಗೇನು ಕಣ್ಣು ಕಾಣಲ್ವಾ? ಫುಟ್‌ಬಾಲು, ವಾಲಿಬಾಲು ಕೂಡ ಒಂದೇ ಅಳತೆ."

"ಒಂದೇನಾ! ಇಪ್ಪತ್ತು ವರ್ಷ ಅಂಗಡೀಲಿ ನಾನೇನು ಕತ್ತೆ ಕಾಯ್ತಿದ್ನಾ?"

ಇಷ್ಟುದ್ದದ ವಾಕ್ಯ, ಅದೂ ನನಗೆ! ಕಣ್ಣು ತುಂಬಿ ಬಂತು. ಜಗಳವಾದರೂ ಸರಿ, ಮಾತಿಗೆ ಅಷ್ಟು ಹಸಿದಿದ್ದೆ. ಆಸೆ ಹೆಚ್ಚಾಗಿ "ನಾನಂತೂ ನಂಬಲ್ಲ" ಎಂದುಬಿಟ್ಟೆ.

ಅಲ್ಲೇ ಎಡವಿದೆ.

"ತಡಿ, ಸಾಕ್ಷಿ ಕೊಡಿಸ್ತೀನಿ" ಎಂದು ಅಂಗಡಿಯ ಗೋದಾಮು ನೋಡಿಕೊಳ್ಳುವ ಗೆಳೆಯರೊಬ್ಬರಿಗೆ ಫೋನು ಹಚ್ಚಿದರು. ಮುಕ್ಕಾಲು ಗಂಟೆ! ಗೋಲಿಯಷ್ಟು ವಿಷಯ ಬಾಸ್ಕೆಟ್‌ಬಾಲಿನಷ್ಟಾಯಿತು. ನಕ್ಕರು, ತೊಡೆ ತಟ್ಟಿದರು, "ನೆನಪಿದ್ಯೇನೋ?" ಅಂದರು. ನಾನು ಖಾಲಿ ಲೋಟ ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದೆ. ಇವರು ಇಷ್ಟು ಚೆನ್ನಾಗಿ ಮಾತಾಡುತ್ತಾರೆ ಎನ್ನುವುದೇ ನನಗೆ ಮರೆತುಹೋಗಿತ್ತು.

ಫೋನಿಟ್ಟವರೇ ಮುಖ ಅರಳಿಸಿಕೊಂಡು ಹೇಳಿದರು: "ಒಳ್ಳೇ ವಿಷಯ ತೆಗೆದೆ ಕಣೆ! ನಾಳೆಯಿಂದ ದಿನಾ ಸಂಜೆ ಅವನು ಇಲ್ಲಿಗೇ ಬರ್ತಾನೆ. ಇನ್ನೊಂದು ಲೋಟ ಚಹಾ ಜಾಸ್ತಿ ಇಡು."

"ನಾನೂ ನಿಮ್ಜೊತೆ ಕೂತ್ಕೊಂಡು ಮಾತಾಡ್ಲಾ?"

ಪೇಪರು ಆಗಲೇ ಮೇಲೇರಿತ್ತು.

"ಹೂಂ" ಅಂದರು.