ಅಮರಗುಂಡಪ್ಪ ದಾರಿ ಮುಚ್ಚಿದ ದಿನ

ಅಮರಗುಂಡಪ್ಪನ ನಾಲ್ಕು ಎಕರೆ ಹೊಲವನ್ನು ಊರಿನ ಕಾಲುಗಳು ಎರಡು ಹೋಳು ಮಾಡಿದ್ದವು. ಊರಿನಿಂದ ಸಿಂಧನೂರು–ಲಿಂಗಸುಗೂರು ಸಡಕಿಗೆ ಹೋಗಲು ಬದುವಿನ ಮೇಲೆ ಸುತ್ತು ದಾರಿಯೊಂದಿತ್ತು. ಆದರೆ ಮಸ್ಕಿಯ ಬಸ್ಸು ದೂರದಲ್ಲಿ ಕೂಗಿದಾಗ ಬದು ಯಾರಿಗೆ ನೆನಪಾಗಬೇಕು? ಎಲ್ಲರೂ ಹೊಲದ ನಡುವೆಯೇ ನುಗ್ಗುತ್ತಿದ್ದರು. ಪ್ರತಿ ವರ್ಷ ಅವನು ಆ ಕಾಲುದಾರಿಯನ್ನು ಅಳಿಸುತ್ತಿದ್ದ. ಎಂಟು ದಿನದೊಳಗೆ ಅದು ಬೋಳಿಸಿದ ಗಡ್ಡದಂತೆ ಮತ್ತೆ ಬೆಳೆದಿರುತ್ತಿತ್ತು.

ನಿಜಾಮನ ಆಳಿಕೆ ಮುಗಿದು ನಾಲ್ಕು ವರ್ಷವಾಗಿತ್ತು. ತುಂಗಭದ್ರೆಯ ನೀರು ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಜನ ಕಾಯುತ್ತಿದ್ದರು. ಅಷ್ಟರಲ್ಲಿ ಡಂಗುರವಾಯಿತು: ಬುಧವಾರ ಸಂಜೆ ಲಿಂಗಸುಗೂರಿನಿಂದ ಕಂದಾಯದ ಗಿರ್ದಾವರ ಕರೀಂಸಾಬ್ ಬಂದು ಹೊಲಗಳ ನಕ್ಷೆ ಬರೆಯುತ್ತಾರೆ. ಅಂದು ನೆಲದ ಮೇಲೆ ಕಂಡ ದಾರಿ ನಕ್ಷೆಯಲ್ಲಿ ಕೂರುತ್ತದೆ. ನಕ್ಷೆಯಲ್ಲಿ ಕೂತ ದಾರಿಯನ್ನು ನೇಗಿಲು ಮುಟ್ಟುವಂತಿಲ್ಲ, ನೀರಿನ ತೋಡು ದಾಟುವಂತಿಲ್ಲ. ಅಂದರೆ ಕೆಳಗಿನ ಎರಡು ಎಕರೆಗೆ ನೀರು ಎಂದೆಂದಿಗೂ ಇಲ್ಲ.

ಅಮರಗುಂಡಪ್ಪ ಓಡಿದ್ದು ಕರಿಬಸಯ್ಯನ ಕಟ್ಟೆಗೆ. ಕರಿಬಸಯ್ಯ ಊರಿಗೆಲ್ಲ ದಾರಿ ತೋರಿಸುವ ಮನುಷ್ಯ. ಸ್ವತಃ ಆ ಕಟ್ಟೆ ಬಿಟ್ಟು ಎಲ್ಲಿಗೂ ಹೋದವನಲ್ಲ.

"ಎರಡೂ ಕಡಿ ಜಾಲಿಮುಳ್ಳು ಹಚ್ಚಿಬಿಡ್ತೀನ್ರಿ ಅಯ್ಯನವರ."

"ನಡಿಯೋ ಹಾದಿಗೆ ಮುಳ್ಳಾ? ಸತ್ತ ಮ್ಯಾಲ ಅದೇ ಮುಳ್ಳಿನ ಮ್ಯಾಲ ನಡಸ್ತಾರಲೇ ನಿನ್ನ. ಬರಿಗಾಲಿಲೆ."

"ಮತ್ತ ನನಗ ಯಾವ ದಾರಿ ಐತ್ರಿ?"

"ಒಂದೇ ದಾರಿ. ನಿಂತು ಕೈ ಮುಗಿ. ಒಬ್ಬೊಬ್ಬರಿಗೂ ಕೇಳ್ಕೊ. ಒಂದಿನದ ಮಾತು, ಯಾರ ಒಲ್ಲೆ ಅಂತಾರ?"

ಒಲ್ಲೆ ಅನ್ನುವುದಿಲ್ಲ, ಅದು ಅಮರಗುಂಡಪ್ಪನಿಗೂ ಗೊತ್ತಿತ್ತು. ಊರಿನ ಬಾಯಿಯ ಮೇಲೆ ಅವನಿಗೆ ನಂಬಿಕೆಯಿತ್ತು. ಕಾಲಿನ ಮೇಲೆ ಇರಲಿಲ್ಲ.

ಸೋಮವಾರದ ಮಳೆಗೆ ಎರೆನೆಲ ಹದವಾಗಿತ್ತು. ಬುಧವಾರ ಹೊತ್ತು ಹುಟ್ಟುವುದರೊಳಗೆ ಅವನು ಕುಂಟೆ ಹೊಡೆದು ಮುಗಿಸಿದ. ಹೊಲ ತೊಳೆದಿಟ್ಟ ಸ್ಲೇಟಿನಂತಾಯಿತು. ಎತ್ತುಗಳನ್ನು ಮನೆಯಲ್ಲಿ ಕಟ್ಟಿ ಬಂದು ಊರ ಕಡೆಯ ತುದಿಯಲ್ಲಿ ಕೈ ಮುಗಿದು ನಿಂತ.

ಮೊದಲು ಬಂದವಳು ಆದೆಮ್ಮ, ತಲೆಯ ಮೇಲೆ ಬೆಣ್ಣೆಯ ಗಡಿಗೆ ಹೊತ್ತು ಮಸ್ಕಿಯ ಸಂತೆಗೆ ಹೊರಟಿದ್ದಳು.

"ಯವ್ವಾ, ಇವತ್ತೊಂದಿನ ಬದುವಿನ ಮ್ಯಾಲ ಹೋಗು."

"ತಲಿ ಮ್ಯಾಲ ಬೆಣ್ಣಿ, ಬೆಣ್ಣಿ ಮ್ಯಾಲ ಬಿಸಲು. ಸುತ್ತಿ ಹೋದ್ರ ಮಸ್ಕ್ಯಾಗ ನಾ ಬೆಣ್ಣಿ ಮಾರಬೇಕೋ, ತುಪ್ಪ ಮಾರಬೇಕೋ?"

"ಕೆಳಗಿನ ಎರಡೆಕರೆ ಹೋಗ್ತಾವ ಯವ್ವಾ."

ಆದೆಮ್ಮ ಅವನ ಮುಖ ನೋಡಿದಳು, ಹೊಲ ನೋಡಿದಳು. "ತುಪ್ಪನ ಮಾರ್ತೀನಿ ತಗೋ," ಎಂದು ಬದು ಹತ್ತಿದಳು. ಗಡಿಗೆ ಒಂದಿಷ್ಟೂ ಅಲುಗಲಿಲ್ಲ.

ಅಮರಗುಂಡಪ್ಪನಿಗೆ ಸಮಾಧಾನವಾಗಲಿಲ್ಲ. ಬದುವಿನ ಜಾಲಿ ಮರದ ಮರೆಗೆ ಸರಿದ ಮೇಲೆ ಇವಳು ಒಳಗೆ ಇಳಿದರೆ? ಸಡಕಿನ ಕಡೆಯ ತುದಿಗೆ ಓಡಿದ. ಆದೆಮ್ಮ ಬದುವಿನ ಮೇಲೇ ಬರುತ್ತಿದ್ದಳು.

"ಏನೋ, ನನ್ನ ಕಾವಲಿಗೆ ಬಂದಿಯೇನು?"

ಅಷ್ಟರಲ್ಲಿ ಊರ ಕಡೆಯ ತುದಿಯಲ್ಲಿ ಬ್ಯಾ ಬ್ಯಾ ಸದ್ದೆದ್ದಿತ್ತು. ಗ್ಯಾನಪ್ಪನ ಕುರಿಗಳು. ಅಮರಗುಂಡಪ್ಪ ಧೋತರ ಎತ್ತಿ ಕಟ್ಟಿ ಹಿಂದಕ್ಕೆ ಓಡಿದ.

"ನನಗ ಹೇಳಬ್ಯಾಡ, ಕುರಿಗೆ ಹೇಳು," ಎಂದ ಗ್ಯಾನಪ್ಪ. "ಅವಕ್ಕ ಇದಽ ದಾರಿ ಗೊತ್ತು. ನನ್ನ ಮಾತು ನನ್ನ ಹೇಣ್ತಿನಽ ಕೇಳಂಗಿಲ್ಲ."

ಆದರೂ ಅವನು ಸುಮ್ಮನೆ ನಿಲ್ಲಲಿಲ್ಲ. ಮುಂದಾಳು ಟಗರನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಬದುವಿನ ಮೇಲೆ ನಡೆದ. ಟಗರು ಮೇಲಿನಿಂದ ಪಟೇಲನಂತೆ ಊರು ನೋಡುತ್ತಾ ಹೋಯಿತು. ಉಳಿದ ಕುರಿಗಳು ದಾರಕ್ಕೆ ಪೋಣಿಸಿದಂತೆ ಹಿಂದೆ ಹೊರಟವು. ಅಮರಗುಂಡಪ್ಪ ಮತ್ತೆ ಆ ತುದಿಗೆ ಓಡಿ, ಕೊನೆಯ ಮರಿ ಸಡಕು ಮುಟ್ಟುವವರೆಗೆ ಕಾದ.

ಹೊತ್ತು ಏರಿದ ಮೇಲೆ ಮಸ್ಕಿಯಿಂದ ಬಸ್ಸು ಬಂದು ನಿಂತಿತು. ಇಳಿದವಳು ಸೂಲಗಿತ್ತಿ ಇಮಾಮ್‌ಬೀ. ಕರಿಬಸಯ್ಯನ ಮಗಳಿಗೆ ನಸುಕಿನಿಂದ ಹೆರಿಗೆಯ ಬ್ಯಾನಿ ಎದ್ದಿತ್ತು. ಅಮರಗುಂಡಪ್ಪನ ಮುಗಿದ ಕೈ ತಾನಾಗಿ ಕೆಳಗಿಳಿಯಿತು. ನೀರು ಹೋದರೆ ಹೋಗಲಿ.

"ನೀ ನಡು ಹೊಲದಾಗಿಂದನ ಹೋಗವ್ವ. ನಾ ಏನೂ ಅನ್ನಂಗಿಲ್ಲ."

"ಮಸ್ಕ್ಯಾಗ ಆದೆಮ್ಮ ಎಲ್ಲಾ ಹೇಳ್ಯಾಳ," ಎಂದಳು ಇಮಾಮ್‌ಬೀ, ಸೀರೆ ಸಿಕ್ಕಿಸಿಕೊಳ್ಳುತ್ತಾ. "ಒಂಬತ್ತು ತಿಂಗಳು ಕಾದ ಕೂಸು ಒಂದು ಬದು ಕಾಯಂಗಿಲ್ಲೇನು?" ಅರವತ್ತರ ಆ ಮುದುಕಿ ಬದುವಿನ ಮೇಲೆ ಹುಡುಗಿಯಂತೆ ಓಡತೊಡಗಿದಳು.

ಅವಳು ಬರುತ್ತಿದ್ದಾಳೆಂದು ಕರಿಬಸಯ್ಯನ ಮನೆಗೆ ಮೊದಲೇ ತಿಳಿಯಬೇಡವೇ? ಅಮರಗುಂಡಪ್ಪ ಅವಳಿಗಿಂತ ಮುಂಚೆ ಊರು ಮುಟ್ಟಿ, "ನೀರು ಕಾಸ್ರಿ, ಬಂದ್ಲು," ಎಂದು ಕೂಗಿ, ಬಂದಷ್ಟೇ ವೇಗದಲ್ಲಿ ಕಾವಲಿಗೆ ಮರಳಿದ.

ಹೆಂಡತಿ ಕಸ್ತೂರೆಮ್ಮ ರೊಟ್ಟಿ ತಂದಾಗ ಅವನು ಆ ತುದಿಯಲ್ಲಿದ್ದ. ಅವಳು ಆ ತುದಿಗೆ ಸುತ್ತಿ ಹೋದಾಗ ಈ ತುದಿಯಲ್ಲಿದ್ದ. "ಎಲ್ಲಿ ಸಿಗ್ತೀರಿ ಹೇಳ್ರಿ, ಅಲ್ಲೇ ಇಟ್ಟು ಹೋಗ್ತೀನಿ," ಎಂದಳು. ಮಧ್ಯಾಹ್ನದ ಮೇಲೆ ಸಂತೆಯ ಜನ ಹಿಂದಿರುಗತೊಡಗಿದರು. ಅವನು ಮಗ್ಗದ ಲಾಳಿಯಾದ. ಇತ್ತ ಕೈ ಮುಗಿದು ಅತ್ತ ಓಡುವ, ಅತ್ತ ಕೈ ಮುಗಿದು ಇತ್ತ ಓಡುವ. ಒಬ್ಬರೂ ಮಾತು ಮೀರಲಿಲ್ಲ. ಮೀರದಿದ್ದುದಷ್ಟೇ ಅಲ್ಲ, ಬೇರೆಯವರು ಮೀರದಂತೆ ನೋಡಿಕೊಳ್ಳಲು ಅರ್ಧ ಊರು ಬದುವಿನ ಮೇಲೆ ಸಾಲಾಗಿ ಕೂತಿತು. ಕರಿಬಸಯ್ಯ ಮೊಮ್ಮಗ ಹುಟ್ಟಿದ ಸಂತೋಷಕ್ಕೆ ಕಟ್ಟೆ ಬಿಟ್ಟು ಬಂದು ಬೆಲ್ಲ ಹಂಚುತ್ತಿದ್ದ. ಇಂಥ ಜನವನ್ನು ತಾನು ವರ್ಷಾನುಗಟ್ಟಲೆ ಬೈದೆನಲ್ಲ ಎಂದುಕೊಂಡ ಅಮರಗುಂಡಪ್ಪ.

ಹೊತ್ತು ಇಳಿಯುವಾಗ ಗಿರ್ದಾವರ ಕರೀಂಸಾಬ್ ಸೈಕಲ್ ಮೇಲೆ ಬಂದರು. ಸಡಕಿನ ಬದಿಗೆ ಇಳಿದು, ಕನ್ನಡಕ ಒರೆಸಿ, ಹೊಲ ನೋಡಿ ಪೆನ್ಸಿಲ್ ತೆಗೆದರು.

"ಈ ದಾರಿ ಊರಿಗೆ ಹೋಗ್ತದೇನು?"

"ದಾರಿ ಎಲ್ಲೈತ್ರಿ ಸಾಹೇಬ್ರ? ಮುಂಜಾನಿಂದ ಒಂದು ನರಪಿಳ್ಳಿ ಸೈತ ದಾಟಿಲ್ಲ. ಕೇಳ್ರಿ ಬೇಕಾದ್ರ."

"ಹೌದ್ರಿ, ಆಣಿ ಮಾಡ್ತೀವಿ," ಎಂದಿತು ಬದು.

ಕರೀಂಸಾಬ್ ಬಗ್ಗಿ ನೆಲ ನೋಡಿದರು. ಆಮೇಲೆ ಎದ್ದು ಅಮರಗುಂಡಪ್ಪನ ಕಾಲು ನೋಡಿದರು. ಮೊಣಕಾಲಿನವರೆಗೆ ಎರೆಮಣ್ಣು ಮೆತ್ತಿತ್ತು. ಆಗ ಎಲ್ಲರೂ ಹೊಲದ ಕಡೆ ತಿರುಗಿದರು. ಈ ತುದಿಯಿಂದ ಆ ತುದಿಗೆ, ಹಗ್ಗ ಹಿಡಿದು ಎಳೆದಂತೆ, ಒಂದು ದಾರಿ ಸಂಜೆಯ ಬೆಳಕಿನಲ್ಲಿ ಗಟ್ಟಿಯಾಗಿ, ನುಣ್ಣಗೆ ಹೊಳೆಯುತ್ತಿತ್ತು.

"ಇಪ್ಪತ್ತು ವರ್ಸ ನೌಕರಿ ಮಾಡೀನಿ," ಎಂದರು ಕರೀಂಸಾಬ್, ಮನಸಾರೆ ತಲೆದೂಗುತ್ತಾ. "ಇಷ್ಟು ನೆಟ್ಟಗಿನ ದಾರಿ ಎಲ್ಲೂ ನೋಡಿಲ್ಲ. ಇದಕ್ಕ ಹೆಸರೇನು?"

ಕರಿಬಸಯ್ಯ ಅಮರಗುಂಡಪ್ಪನ ಕೈಗೊಂದು ಬೆಲ್ಲದ ಚೂರು ಇಟ್ಟು, ಮೆಲ್ಲಗೆ, "ಇವನ ಹೆಸರಽ ಬರೀರಿ," ಎಂದ.

ಪೆನ್ಸಿಲ್ ಗೆರೆ ಎಳೆಯಿತು. ಜನ ಬದುವಿನಿಂದ ಇಳಿದು ಹೊಸ ದಾರಿ ಹಿಡಿದು ಊರಿಗೆ ನಡೆದರು. ಅಮರಗುಂಡಪ್ಪನೊಬ್ಬ ಮಾತ್ರ ಬದುವಿನ ಮೇಲೆ ಸುತ್ತಿಕೊಂಡು ಮನೆಗೆ ಹೋದ.